ಕೂಗಿ ಕರೆತಂದ ಗೌರಿ

ಹಿತ್ತಾಳೆ ತಟ್ಟೆಯ ಮೇಲೆ ಚಿಕ್ಕದೇನಾದರೂ ಟಣ್ಣೆಂದು ಬಿದ್ದರೆ ಈ ವಯಸ್ಸಿನಲ್ಲೂ ನಾನು ಮೊದಲು ತಲೆಯೆತ್ತಿ ಮೇಲೆ ನೋಡುತ್ತೇನೆ. ಬೇಳೆ ಆರಿಸುವಾಗ ಸೊಸೆಯ ಬೆರಳಿನಿಂದ ಕಲ್ಲೊಂದು ಜಾರಿದರೂ ಅಷ್ಟೆ, ಮೊಮ್ಮಗಳು ಕಡಲೆಕಾಯಿ ಬೀಜ ಚೆಲ್ಲಿದರೂ ಅಷ್ಟೆ. ಮೈಸೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಹಾಸ್ಟೆಲಿನ ಊಟದ ಮನೆಯಲ್ಲಿ ನಾನು ಹೀಗೆ ಸೂರು ನೋಡುವುದನ್ನು ಕಂಡ ಗೆಳತಿಯರು, ಅಲ್ಲಿ ಹಲ್ಲಿಯಿದೆಯೇನೋ ಎಂದು ತಟ್ಟೆ ಸರಿಸಿಕೊಂಡು ಏಳುತ್ತಿದ್ದರು. ಆ ಕಾಲೇಜಿನಲ್ಲಿ ನಮಗೆ ತರ್ಕಶಾಸ್ತ್ರದ ಪಾಠವಿತ್ತು. ಯಾವುದು ಮೊದಲು ಆಯಿತು, ಯಾವುದು ಆಮೇಲೆ ಆಯಿತು, ಮೊದಲು ಆದದ್ದೆಲ್ಲ ಕಾರಣವೇ ಎಂದು ಮೇಷ್ಟ್ರು ಕೇಳಿದಾಗಲೆಲ್ಲ ನನ್ನ ಕಣ್ಣ ಮುಂದೆ ಮಧುಗಿರಿಯ ಕೆರೆಯಂಚಿನ ಒಂದು ಮಣ್ಣಿನ ದಿಬ್ಬ ಬಂದು ನಿಲ್ಲುತ್ತಿತ್ತು. ಮೊದಲು ಮಣ್ಣು ಉದುರಿತು. ಆಮೇಲೆ ನಾನು ಕೂಗಿದೆ. ಈ ಎರಡು ವಾಕ್ಯಗಳನ್ನು ಇದೇ ಸಾಲಿನಲ್ಲಿ ಹೇಳಿಕೊಳ್ಳುತ್ತಲೇ ನಾನು ಬದುಕಿದ್ದೇನೆ.

ನಮ್ಮ ಮನೆ ಮಧುಗಿರಿಯ ಪೇಟೆ ಬೀದಿಯಲ್ಲಿತ್ತು. ಊರಿನ ಮೇಲೆ ಬಾಗಿ ನಿಂತ ಆ ಒಂದೇ ಬಂಡೆಯ ಬೆಟ್ಟ ನಮ್ಮ ಹಿತ್ತಲಿನಿಂದಲೇ ಮೇಲೇಳುತ್ತದೆ ಎಂದು ಚಿಕ್ಕಂದಿನಲ್ಲಿ ನಂಬಿದ್ದೆ. ಬೇಸಿಗೆಯಲ್ಲಿ ಬಂಡೆ ಹಗಲೆಲ್ಲ ಕಾದು, ಆ ಕಾವನ್ನು ಸಂಜೆ ನಮ್ಮ ಅಂಗಳಕ್ಕೆ ಕಳಿಸುತ್ತಿತ್ತು. ಮುಂದಿನ ಪಡಸಾಲೆಯಲ್ಲಿ ತಾತನ ಬೆಲ್ಲದ ಮಂಡಿ. ಅಲ್ಲಿ ಬೆಲ್ಲದ ಜೊತೆ ಕಣಜದ ಹುಳಗಳೂ ಸದಾ ಇರುತ್ತಿದ್ದವು. ಅದನ್ನು ದಾಟಿದರೆ ನಡುಮನೆ, ಅದರ ಬಲಕ್ಕೆ ದೇವರ ಗೂಡು, ಎಡಕ್ಕೆ ಹೊಗೆಯಿಂದ ಕಪ್ಪಾದ ಅಡುಗೆ ಮನೆ, ಕಡೆಯಲ್ಲಿ ತಾಮ್ರದ ಹಂಡೆ ಹೂತಿದ್ದ ಬಚ್ಚಲು. ಮನೆಯಲ್ಲಿ ಯಜಮಾನಿಕೆ ಅಜ್ಜಿಯದು. ಹಣೆ ತುಂಬ ವಿಭೂತಿ, ಸೊಂಟದಲ್ಲಿ ಬೀಗದ ಕೈಗೊಂಚಲು. ಅವರ ಕೆಳಗೆ ದೊಡ್ಡಮ್ಮ, ಎಂದರೆ ನಮ್ಮ ದೊಡ್ಡಪ್ಪನ ಹೆಂಡತಿ. ದೊಡ್ಡಮ್ಮನ ಕೆಳಗೆ ನನ್ನ ಅವ್ವ. ಅವ್ವನ ಕೆಳಗೆ, ಎಲ್ಲರ ಬೈಗುಳಕ್ಕೂ ಕೈಗೆ ಸಿಗುವ ಹಾಗೆ, ನಾನು ಗಿರಿಜೆ.

ನನಗೆ ಬೈಗುಳ ಬೀಳುತ್ತಿದ್ದದ್ದು ಒಂದೇ ಕಾರಣಕ್ಕೆ. ನಾನು ಎಡೆಬಿಡದೆ ಮಾತಾಡುತ್ತಿದ್ದೆ. ಒಳಕಲ್ಲಿನಲ್ಲಿ ಹೂರಣ ರುಬ್ಬುವವರ ಎದುರು ಕೂತು ಮಾತು, ಹಸುವಿನ ಕಿವಿಯಲ್ಲಿ ಮಾತು, ಯಾರೂ ಸಿಗದಿದ್ದರೆ ಮಂಡಿಯ ಬೆಲ್ಲದ ಅಚ್ಚುಗಳಿಗೆ ಹೆಸರಿಟ್ಟು ಅವುಗಳ ಜೊತೆ ಮಾತು. 'ಬಾಯಿಬಡುಕಿ' ಎಂಬುದು ನನ್ನ ಹೆಸರಿಗಿಂತ ಹೆಚ್ಚು ಬಳಕೆಯಲ್ಲಿತ್ತು. ನನ್ನ ಬಾಯಿ ಮನೆಗೆ ಬೇಕಾಗುತ್ತಿದ್ದದ್ದು ಹಗೇವು ತೆಗೆದ ದಿನ ಮಾತ್ರ. ಅಂಗಳದ ಮೂಲೆಯಲ್ಲಿ ರಾಗಿ ತುಂಬಿಡಲು ನೆಲದೊಳಗೆ ಗಡಿಗೆಯಾಕಾರಕ್ಕೆ ತೋಡಿದ ಹಗೇವಿತ್ತು. ಅದರ ಬಾಯಿ ತೆರೆದು, ಒಳಗಿನ ಕೆಟ್ಟ ಗಾಳಿ ಹೋಗಲು ಬಿಟ್ಟು, ಆಮೇಲೆ ಆಳೊಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದ. ಮೇಲೆ ಕೂತವರು ಅವನನ್ನು ಬಿಡದೆ ಕೂಗುತ್ತಿರಬೇಕು, ಅವನು ಒಳಗಿನಿಂದ 'ಓ' ಎನ್ನುತ್ತಿರಬೇಕು. 'ಓ' ನಿಂತರೆ ಹಗ್ಗ ಎಳೆಯಬೇಕು. ಆ ಕೆಲಸಕ್ಕೆ ಅಜ್ಜಿ ನನ್ನನ್ನೇ ಕೂರಿಸುತ್ತಿದ್ದರು. ನಾನು ಕೂಗುವುದಷ್ಟೇ ಅಲ್ಲ, ಇಳಿದವನ ಮದುವೆ, ಮಕ್ಕಳು, ಎಮ್ಮೆಯ ಸಮಾಚಾರವನ್ನೆಲ್ಲ ಕೇಳಿಬಿಡುತ್ತಿದ್ದೆ.

ಇನ್ನು ಗೌರಿ ಹಬ್ಬ. ನಮ್ಮದು ಶಿವಭಕ್ತರ ಮನೆ. ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ಹಿರಿಯರು ತೊಟ್ಟು ನೀರು ಮುಟ್ಟುತ್ತಿರಲಿಲ್ಲ. ವರ್ಷವೆಲ್ಲ ಶಿವನದೇ ದೊಡ್ಡಸ್ತಿಕೆಯಾದರೂ ಭಾದ್ರಪದದ ತದಿಗೆಯ ದಿನ ಅವನು ಬರೀ ಅಳಿಯ, ಗೌರಿ ಮನೆಮಗಳು. ಕೈಲಾಸದಿಂದ ತವರಿಗೆ ಬರುತ್ತಾಳೆ, ಮಾರನೆಯ ದಿನ ಮಗ ಗಣಪ ಕರೆಯಲು ಬರುತ್ತಾನೆ, ಉಟ್ಟು ಉಂಡು ಮಡಿಲು ತುಂಬಿಸಿಕೊಂಡು ಹೊರಡುತ್ತಾಳೆ. ಅದಕ್ಕೇ ಆ ಹಬ್ಬಕ್ಕೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬರಬೇಕು, ಬರಲಾಗದವರಿಗೆ ತವರಿನಿಂದ ಮೊರದ ಬಾಗಿನ ಹೋಗಬೇಕು. ಒಂದು ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಕಾಯಿ, ಬಳೆ, ಕನ್ನಡಿ, ಬಾಚಣಿಗೆ; ಅದರ ಮೇಲೆ ಇನ್ನೊಂದು ಮೊರ ಮುಚ್ಚಿ ದಾರ ಸುತ್ತಿ ಕಳಿಸುತ್ತಿದ್ದರು. ಮೊರ ಬಿಚ್ಚಿದ ಹೆಣ್ಣಿಗೆ ಮೊದಲು ಮೂಗಿಗೆ ಬರುತ್ತಿದ್ದದ್ದು ತವರಿನ ಅಡುಗೆ ಮನೆಯ ಹೊಗೆಯ ವಾಸನೆ ಎಂದು ಅವ್ವ ಹೇಳುತ್ತಿದ್ದಳು.

ನಮ್ಮ ಮನೆಯ ಗೌರಿ ಕೆರೆಯ ಮಣ್ಣಿನವಳು. ಹಳ್ಳ ಬಂದು ಕೆರೆಗೆ ಸೇರುವ ಕಡೆ ಆಳೆತ್ತರಕ್ಕಿಂತ ಮೇಲಾದ ದಿಬ್ಬವೊಂದಿತ್ತು, ಅದರ ಮೇಲೊಂದು ಹೊಂಗೆ ಮರ. ದಿಬ್ಬದ ಬುಡದಲ್ಲಿ ಬೆಣ್ಣೆಯಂಥ ಜೇಡಿಮಣ್ಣು. ಅಜ್ಜಿಯ ಅತ್ತೆ, ಅವರ ಅತ್ತೆ, ಎಲ್ಲರೂ ಅದೇ ಜಾಗದಿಂದ ಮಣ್ಣು ತಂದವರು. ಜಾಗ ಬದಲಿಸಿದರೆ ಗೌರಿಗೆ ತವರು ಬದಲಾದಂತೆ. ಕಬ್ಬಿಣ ತಾಗಿಸಬಾರದು, ಬರಿಗೈಯಲ್ಲಿ ತೋಡಬೇಕು. ಬರಿಗೈಗೆ ಮೇಲಿನ ಗಟ್ಟಿ ಮಣ್ಣು ಬಗ್ಗುವುದೆಲ್ಲಿ? ವರ್ಷ ವರ್ಷವೂ ಬುಡದ ಮೆದು ಮಣ್ಣನ್ನೇ ತೋಡಿ ತೋಡಿ ಅಲ್ಲಿ ಒಂದು ಗವಿಯೇ ಆಗಿತ್ತು. ಹೆಂಗಸೊಬ್ಬಳು ಕುಕ್ಕರಗಾಲಿನಲ್ಲಿ ಸರಿದು ಒಳಹೋಗುವಷ್ಟು ದೊಡ್ಡದು. ಅದಕ್ಕೆ ಗೌರಮ್ಮನ ಗುಂಡಿ ಎನ್ನುತ್ತಿದ್ದರು. ಅದರ ಆಳವನ್ನು ಜನ ಹೆಮ್ಮೆಯಿಂದ ನೋಡುತ್ತಿದ್ದರು, ಎಷ್ಟು ತಲೆಮಾರಿನ ಭಕ್ತಿ ಎಂದು. ಮಣ್ಣು ತೋಡುವವಳು ಮನೆಮಗಳಾಗಿರಬೇಕು, ಮಣ್ಣು ಹಿಡಿಯಲು ತಟ್ಟೆಯೊಡನೆ ಎದುರು ನಿಲ್ಲುವವಳು ಮದುವೆಯಾಗದ ಹುಡುಗಿಯಾಗಿರಬೇಕು. ಅವರೂ ಜೊತೆಯ ಹೆಂಗಸರೂ ಕೆರೆ ಮುಟ್ಟಿದ್ದೇ ತುಟಿಗಳ ನಡುವೆ ಒಂದೊಂದು ವೀಳ್ಯದೆಲೆ ಕಚ್ಚಿಕೊಳ್ಳಬೇಕು. ಮಣ್ಣು ಮನೆಗೆ ಬಂದು ಮಣೆಯ ಮೇಲೆ ಕೂರುವವರೆಗೆ ಎಲೆ ಬೀಳಬಾರದು. ಬಿದ್ದರೆ ಗೌರಿ ಅರ್ಧ ದಾರಿಯಿಂದಲೇ ಹಿಂದಿರುಗುತ್ತಾಳೆ.

ಆ ಮನೆಮಗಳು ನನ್ನ ಪುಟ್ಟತ್ತೆ, ಅಪ್ಪಯ್ಯನ ತಂಗಿ ಚನ್ನವೀರಮ್ಮ. ಅವರನ್ನು ಪಾವಗಡದಾಚೆಯ ಒಂದು ಹಳ್ಳಿಗೆ ಕೊಟ್ಟಿತ್ತು. ಅತ್ತ ಕಡೆ ಬಾಯಿ ತೆರೆದರೆ ಅರ್ಧ ಕನ್ನಡ, ಅರ್ಧ ತೆಲುಗು. ಒಂದು ವರ್ಷ ಮಳೆಗೆ ಹಳ್ಳ ಕಟ್ಟಿ, ನಮ್ಮ ಮನೆಯ ಬಾಗಿನ ಗಣಪತಿಯನ್ನು ಬಿಟ್ಟ ಮೇಲೆ ಅವರ ಮನೆ ಮುಟ್ಟಿತು. ಹಬ್ಬ ಕಳೆದ ಮೇಲೆ ಬಂದ ಬಾಗಿನವನ್ನು ಮುಟ್ಟುವುದು ನಮಗೆ ಅವಮಾನ ಎಂದು ಅವರ ಅತ್ತೆ ಮೊರವನ್ನು ಬಿಚ್ಚದೆ ಹಿಂದಕ್ಕೆ ಕಳಿಸಿದರು. ಅಲ್ಲಿಂದ ಮೂರು ಗೌರಿ ಹಬ್ಬಕ್ಕೆ ಪುಟ್ಟತ್ತೆ ಬರಲಿಲ್ಲ, ಮಣ್ಣು ತೋಡಲು ಬೀದಿಯ ಇನ್ನೊಂದು ಮನೆಯ ಮಗಳನ್ನು ಕರೆಯಬೇಕಾಯಿತು. ಮೂರು ವರ್ಷವೂ ಅಜ್ಜಿ ಊಟದ ಸಾಲಿನಲ್ಲಿ ಅವರ ಮಣೆ ಹಾಕಿ, ಎಲೆ ಹಾಸಿ, ಒಬ್ಬಟ್ಟು ಬಡಿಸಿ, ಆಮೇಲೆ ಅದನ್ನು ಹಸುವಿಗೆ ಕೊಟ್ಟರು. ನಾಲ್ಕನೆಯ ವರ್ಷ ತಾತನೇ ಹೋಗಿ ಬೀಗರ ಕೈ ಹಿಡಿದು ಕೇಳಿಕೊಂಡು ಬಂದರು.

ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸುಗಳು ಬೆನ್ನಿಗೆ ಇದ್ದಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಹಬ್ಬಕ್ಕೆ ಮುಂಚೆ ಅಂಥದೊಂದು ಬಸ್ಸಿನಿಂದ ಮೂಗಿನ ಹೊಳ್ಳೆಯೆಲ್ಲ ಮಸಿ ಮಾಡಿಕೊಂಡು ಪುಟ್ಟತ್ತೆ ಇಳಿದರು. ನನ್ನನ್ನು ಕಂಡವರೇ ಸೊಂಟಕ್ಕೆ ಕೈಯಿಟ್ಟು ನಿಂತರು.

"ಏಮೇ ಗಿರ್ಜಿ, ಇಂತ ಪೆದ್ದದಾನಿವೈನಾವಾ!"

"ಅಜ್ಜೀ, ಪುಟ್ಟತ್ತೆ ನನ್ನ ಪೆದ್ದಿ ಅಂದ್ರು!"

"ಅಯ್ಯೋ ನಿನ್ನ! ಇಷ್ಟು ದೊಡ್ಡೋಳಾಗ್ಬುಟ್ಯಾ ಅಂದೆ ಕಣೇ. ಬಾಯಿ ಮಾತ್ರ ಅಂಗೇ ಐತೆ ನೋಡು."

ಅಜ್ಜಿ ಒಳಗಿನಿಂದ ಬಂದವರು ಮಗಳನ್ನು ಅಪ್ಪಿಕೊಳ್ಳಲಿಲ್ಲ. ಸೆರಗಿನ ತುದಿಯಿಂದ ಅವರ ಮೂಗಿನ ಮಸಿ ಒರೆಸಿ, "ಎಂಗೆ ಬಂದವ್ಳೆ ನೋಡು, ಒಲೆ ಊದಿದೋಳಂಗೆ" ಎಂದು ಬೈದು, ಬಚ್ಚಲಿಗೆ ನೀರು ತೋಡಲು ಹೋದರು. ಅಲ್ಲಿ ಬಹಳ ಹೊತ್ತು ನೀರು ತೋಡಿದರು.

ಮಾರನೆಯ ದಿನ ಶಿರಾದ ಬಳೆ ಸಾಬರು ಬಂದು ಪಡಸಾಲೆಯಲ್ಲಿ ಬಳೆಗಳ ಮಲಾರ ಬಿಚ್ಚಿದರು. ಪುಟ್ಟತ್ತೆಯ ಕೈ ಹಿಡಿದು ಹಸಿರು ಗಾಜಿನ ಬಳೆ ಏರಿಸುತ್ತ, "ಕೆಲಸ ಮಾಡಿ ಮಾಡಿ ಕೈ ಪತ್ತರ್, ಕಲ್ಲು ಆಗೈತಲ್ಲವ್ವ" ಎಂದು ಕನಿಕರಪಟ್ಟರು. ಅಜ್ಜಿ, "ಎರಡೂ ಕೈಗೆ ತುಂಬ ತೊಡಿಸಪ್ಪ, ಮೂರು ವರ್ಷದ್ದು ಬಾಕಿ ಐತೆ" ಎಂದರು. ಅಂದೇ ಸಂಜೆ ತಟ್ಟೆ ಹಿಡಿಯುವವರು ಯಾರೆಂಬ ಮಾತು ಬಂತು. ಹಿಂದೆ ಹಿಡಿಯುತ್ತಿದ್ದ ದೊಡ್ಡಮ್ಮನ ಮಗಳಿಗೆ ಮದುವೆಯಾಗಿತ್ತು. ಉಳಿದವಳು ನಾನೊಬ್ಬಳೇ.

"ಇವ್ಳಾ?" ಎಂದರು ದೊಡ್ಡಮ್ಮ. "ಈ ಬಾಯಿಗೆ ಎಲೆ ಸಾಲಲ್ಲ ಅತ್ತೆಮ್ಮ, ಬೀಗ ಹಾಕ್ಬೇಕು."

"ನಾನು ಮಾತಾಡಲ್ಲ. ಗೌರಮ್ಮನಾಣೆ."

"ನೋಡಿ, ಮಾತಾಡಲ್ಲ ಅನ್ನಾಕೂ ಎರಡು ಮಾತು ಆಡಿದ್ಲು."

ಪುಟ್ಟತ್ತೆ ನಕ್ಕು ನನ್ನನ್ನು ಹತ್ತಿರ ಎಳೆದುಕೊಂಡರು. "ನನ್ನೆದುರಿಗೆ ಇವ್ಳೇ ನಿಲ್ಲಲಿ. ಕಣ್ಣಾಗೇ ಮಾತಾಡ್ಕಂತೀವಿ." ಆ ದಿನದಿಂದ ನಾನು ಹಿತ್ತಲಿನಲ್ಲಿ ತುಳಸಿ ಎಲೆ, ಹುಣಿಸೆ ಎಲೆ, ಸಿಕ್ಕ ಎಲೆಯನ್ನೆಲ್ಲ ತುಟಿಯಲ್ಲಿ ಕಚ್ಚಿ ನಿಂತು ಅಭ್ಯಾಸ ಮಾಡಿದೆ. ಬಾಯಿಬಡುಕಿಯೂ ಗೌರಿಯನ್ನು ತರಬಲ್ಲಳು ಎಂದು ದೊಡ್ಡಮ್ಮನಿಗೆ ತೋರಿಸಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಮೂರು ವರ್ಷದ ಮೇಲೆ ಬಂದ ಪುಟ್ಟತ್ತೆಯ ಗೌರಿ ನನ್ನಿಂದ ಹಿಂದಿರುಗಿದಳು ಎಂದು ಆಗಬಾರದಿತ್ತು.

ಹಬ್ಬದ ಹಿಂದಿನ ದಿನವೆಲ್ಲ ಜಡಿಮಳೆ. ನಮ್ಮ ಸೀಮೆಯಲ್ಲಿ ಮಳೆ ಬಂದರೆ ಯಾರೂ ಶಪಿಸುವುದಿಲ್ಲ. ಮಗಳು ಬಂದಳು, ಮಳೆಯೂ ಬಂತು ಎಂದು ಅಜ್ಜಿ ಅಂಗಳದಲ್ಲಿ ಕೈಯೊಡ್ಡಿ ನಿಂತಿದ್ದರು. ಬೆಳಿಗ್ಗೆ ಹೊಳವಾಗಿತ್ತು. ಬೆಟ್ಟದ ಬಂಡೆಯ ಮೇಲೆ ನೀರಿನ ಗೀರುಗಳು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಅಜ್ಜಿ, ದೊಡ್ಡಮ್ಮ, ಅವ್ವ, ಬೀದಿಯ ಕೆಲವು ಹೆಂಗಸರು, ಪುಟ್ಟತ್ತೆ, ನಾನು. ದಾರಿಯುದ್ದಕ್ಕೂ ನಗು, ಮಾತು. ಕೆರೆ ಮುಟ್ಟಿದ ಮೇಲೆ ಗಂಗೆಗೆ ಅರಿಶಿನ ಕುಂಕುಮ ಹಾಕಿ, ಗಂಗೆಯ ಪಾಲಿನ ಬಾಗಿನದ ಮೊರವನ್ನು ದಡದಲ್ಲಿಟ್ಟು, ಎಲ್ಲರೂ ಎಲೆ ಕಚ್ಚಿದೆವು. ಅಷ್ಟು ಹೆಂಗಸರ ನಡುವೆ ಒಮ್ಮೆಗೇ ಬಿದ್ದ ಆ ಮೌನ ಎಷ್ಟು ದೊಡ್ಡದಾಗಿತ್ತೆಂದರೆ, ಆಚೆ ದಡದಲ್ಲಿ ಯಾರದೋ ಎಮ್ಮೆ ಹುಲ್ಲು ಕೀಳುವ ಸದ್ದು ಕೇಳುತ್ತಿತ್ತು.

ಪುಟ್ಟತ್ತೆ ಸೆರಗು ಬಿಗಿದು ಗುಂಡಿಯೊಳಗೆ ಸರಿದರು. ನಾನು ಒದ್ದೆ ಬಟ್ಟೆ ಹಾಸಿದ ಹಿತ್ತಾಳೆ ತಟ್ಟೆ ಹಿಡಿದು ಗುಂಡಿಯ ಬಾಯಿಗೆ ಎದುರಾಗಿ ನಿಂತೆ. ಉಳಿದವರು ಹಿಂದೆ, ನೀರಿನಂಚಿನಲ್ಲಿ. ಪುಟ್ಟತ್ತೆ ತೋಡಿದ ಮೊದಲ ಉಂಡೆ ಬಟ್ಟೆಯ ಮೇಲೆ ತಣ್ಣಗೆ ಬಿತ್ತು. ಎರಡನೆಯ ಉಂಡೆ ಕೊಡುವಾಗ ಪುಟ್ಟತ್ತೆ ಹುಬ್ಬು ಹಾರಿಸಿ ನನಗೆ ನಗು ಬರಿಸಲು ನೋಡಿದರು. ನಾನು ಗೆದ್ದೆ, ನಗಲಿಲ್ಲ. ಅವರು ಮತ್ತೆ ಒಳಗೆ ತಿರುಗಿದರು. ಆಗ ತಟ್ಟೆಯ ಅಂಚಿನ ಮೇಲೆ ಟಣ್ ಎಂದಿತು. ಕಡಲೆ ಗಾತ್ರದ ಒಂದು ಮಣ್ಣಿನ ಹೆಂಟೆ. ಮತ್ತೊಂದು. ತಲೆಯೆತ್ತಿದೆ. ಹೊಂಗೆಯ ಎಳೆಯ ಬೇರೊಂದು ಗುಂಡಿಯ ಬಾಯಿಗೆ ಅಡ್ಡಲಾಗಿ ಜೋತಾಡುತ್ತಿತ್ತು, ಅದರ ಕೆಳಗೇ ನುಸುಳಿ ಪುಟ್ಟತ್ತೆ ಒಳಗೆ ಹೋಗಿದ್ದರು. ಈಗ ಅದು ನೇಯ್ಗೆಯ ದಾರದಂತೆ ಬಿಗಿದು ನಿಂತಿತ್ತು. ಅದರ ಮೇಲೆ, ಹುಲ್ಲಿನ ಬುಡದಲ್ಲಿ, ಒಂದು ಕಪ್ಪು ಗೆರೆ. ಗೆರೆ ಅಗಲವಾಗುತ್ತಿತ್ತು. ನನ್ನ ತುಟಿಯಲ್ಲಿ ಎಲೆಯಿತ್ತು. ಮೂರು ವರ್ಷದ ಖಾಲಿ ಮಣೆ, ಹಸುವಿನ ಬಾಯಿಗೆ ಹೋದ ಒಬ್ಬಟ್ಟು, ದೊಡ್ಡಮ್ಮನ ಬೀಗ, ಎಲ್ಲವೂ ಆ ಎಲೆಯ ಮೇಲೆ ನಿಂತಿದ್ದವು. ಬೇರು ಪಟ್ಟೆಂದು ಹರಿಯಿತು.

"ಪುಟ್ಟತ್ತೇ!"

ಎಲೆ ತಟ್ಟೆಯೊಳಗೆ ಬಿತ್ತು. ಪುಟ್ಟತ್ತೆ ಕೂತಲ್ಲೇ ಗಿರಕ್ಕನೆ ಹೊರಕ್ಕೆ ತಿರುಗಿದರು. ಕಣ್ಣಿನಲ್ಲಿ ಗಾಬರಿಯಲ್ಲ, ಸಿಟ್ಟು. ಕೆಡಿಸಿಬಿಟ್ಟೆಯಲ್ಲೇ ಎಂಬಂತೆ. ಸುಮ್ಮನಿರು ಎಂದು ಹೇಳಲು ಬಲಗೈಯೆತ್ತಿ ಬೆರಳನ್ನು ತುಟಿಯ ಹತ್ತಿರ ತಂದರು, ಹಸಿರು ಬಳೆಗಳು ಮೊಣಕೈಗೆ ಜಾರಿದವು. ಅಷ್ಟರಲ್ಲಿ ದಿಬ್ಬ ಕೂತುಕೊಂಡಿತು. ಬಿತ್ತು ಎನ್ನಲಾರೆ. ದಣಿದ ಮುದುಕಿ ಮಂಡಿ ಹಿಡಿದು ಕೂತ ಹಾಗೆ, ಒಂದು ನಿಟ್ಟುಸಿರಿನ ಸದ್ದು ಮಾಡಿ, ಕೂತುಕೊಂಡಿತು. ಎದುರಿಗಿದ್ದ ಮುಖ ಇಲ್ಲ. ನನ್ನ ಕಾಲ ಬೆರಳುಗಳ ಮೇಲೆ ಒದ್ದೆ ಮಣ್ಣು. ಕೈಯಲ್ಲಿ ತಟ್ಟೆ ಹಾಗೇ ಇತ್ತು.

ಹೆಂಗಸರು ಚೀರುತ್ತ ಬಂದು ಗುಂಡಿಯ ಹಳೆಯ ಆಳವಿದ್ದ ಕಡೆ, ದಿಬ್ಬದ ಒಳಮೈಯ ಹತ್ತಿರ, ಕೈಯಲ್ಲಿ ಬಗೆಯತೊಡಗಿದರು. "ಅಲ್ಲಲ್ಲ, ಇಲ್ಲಿ! ತಿರುಗಿದ್ರು, ಈ ಕಡೆ ತಿರುಗಿದ್ರು!" ಎಂದು ನಾನು ಕೂಗುತ್ತಿದ್ದದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಅಜ್ಜಿ ಮಾತ್ರ ನನ್ನ ಬಾಯಿ ನೋಡಿದರು. ತಮ್ಮ ತುಟಿಯ ಎಲೆಯನ್ನು ತುಪುಕ್ಕನೆ ಉಗಿದರು.

"ಯಾರೂ ಕೂಗಬ್ಯಾಡಿ! ಬಾಯಿ ಮುಚ್ಚಿ ಎಲ್ರೂ!" ಆಮೇಲೆ, ಹಗೇವಿನ ಬಾಯಿಗೆ ಬಗ್ಗುವ ಹಾಗೆ ನನ್ನ ಕಾಲ ಬಳಿ ಬಗ್ಗಿ, "ಚನ್ನೀ! ಲೇ ಚನ್ನೀ! ಓ ಅನ್ನೇ ನಮ್ಮವ್ವ!"

ಏನೂ ಇಲ್ಲ. ಮತ್ತೆ ಕೂಗಿದರು. ಎಮ್ಮೆ ಹುಲ್ಲು ಕೀಳುವುದು ಕೇಳಿಸಿತು. ಮೂರನೆಯ ಸಲ ಕೂಗಿದಾಗ ಮಣ್ಣಿನೊಳಗಿನಿಂದ, ಬಹಳ ಹತ್ತಿರದಿಂದ, ಕಿಣಿ ಎಂದಿತು. ಗಾಜಿಗೆ ಗಾಜು ತಾಗಿದ ಸದ್ದು. ನಾನು ಇಂದಿಗೂ ಅದನ್ನು ಕೇಳಬಲ್ಲೆ. ಆದರೆ ಅದಕ್ಕೆ ಮುಂಚಿನ ಮೌನವನ್ನು ದಾಟದೆ ಅದನ್ನು ಕೇಳಲಾಗುವುದಿಲ್ಲ.

ಅಜ್ಜಿ ಅಲ್ಲೇ ಬೆರಳೂರಿದರು. ಕಲಶದ ಚೊಂಬಿನಲ್ಲಿ, ಆರತಿ ತಟ್ಟೆಯಲ್ಲಿ, ಗಂಗೆಯ ಬಾಗಿನದ ಮೊರದಲ್ಲಿ ಅಕ್ಕಿ ಬೇಳೆ ಚೆಲ್ಲಿ ಮಣ್ಣು ಎತ್ತಿದರು. ಕೆರೆಯ ತೂಬು ನೋಡಿಕೊಳ್ಳುವ ನೀರುಗಂಟಿ ತಿಮ್ಮಯ್ಯ ಸದ್ದು ಕೇಳಿ ಗುದ್ದಲಿ ಹಿಡಿದು ಓಡಿ ಬಂದವನು, ಗೌರಮ್ಮನ ಗುಂಡಿಯೆಂದು ದೂರವೇ ನಿಂತುಬಿಟ್ಟ.

"ಅಮ್ಮಾವ್ರೇ, ಕಬ್ಬುಣ ಅಲ್ಲವ್ರಾ..."

"ಕಬ್ಬುಣ ತಾಗಿದ್ರೆ ಗೌರಮ್ಮ ಮುನಿದಾಳು, ತಾಗದಿದ್ರೆ ನನ್ನ ಮಗಳು ಹೋದಾಳು. ಹಾಕೋ ಗುದ್ದಲೀನ!"

ಅವನು ಪಕ್ಕದ ಮಣ್ಣು ಕಡಿದು ಎಳೆದ. ಹತ್ತಿರದ್ದನ್ನು ಹೆಂಗಸರು ಕೈಯಲ್ಲಿ ಬಗೆದರು. ಮೊದಲು ಬಳೆ, ಆಮೇಲೆ ಬೆರಳು, ಬೆರಳಿನ ಹಿಂದೆ ಮುಖ. ನನ್ನನ್ನು ಸುಮ್ಮನಿರಿಸಲು ಎತ್ತಿದ್ದ ಕೈ ಮೂಗಿನ ಮುಂದೆ ಒಂದಿಷ್ಟು ಜಾಗ ಉಳಿಸಿಕೊಂಡಿತ್ತು. ಪುಟ್ಟತ್ತೆ ಕಣ್ಣು ಮುಚ್ಚಿದ್ದರು, ಉಸಿರಾಡುತ್ತಿದ್ದರು. ಹಲ್ಲುಗಳ ನಡುವೆ ವೀಳ್ಯದೆಲೆ ಹಾಗೇ ಇತ್ತು. ಅಜ್ಜಿ ಅದನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದರು. ಬರಲಿಲ್ಲ. ಅಷ್ಟು ಬಿಗಿಯಾಗಿ ಕಚ್ಚಿದ್ದರು. "ಬುಡೇ, ಬುಡು ಕಂದಾ" ಎಂದು ಗಲ್ಲ ಸವರಿ ಸವರಿ ಬಿಡಿಸಿ, ಎಲೆಯನ್ನು ಕೆರೆಗೆ ಎಸೆದರು.

ತಿಮ್ಮಯ್ಯನ ಕಂಬಳಿಯಲ್ಲಿ ಅವರನ್ನು ಮನೆಗೆ ತಂದು ನಡುಮನೆಯಲ್ಲಿ ಮಲಗಿಸಿದರು. ಔಷಧಿ ಕೊಡುವ ಪಂಡಿತರು ಬಂದು ಕೈಕಾಲು ಒತ್ತಿ ನೋಡಿ, ಮೂಳೆ ಮುರಿದಿಲ್ಲ, ಸೊಂಟಕ್ಕೆ ಪೆಟ್ಟು, ಬಿಸಿನೀರು ಎರೆದು ಮಲಗಿಸಿ ಎಂದು ಹೋದರು. ಆದರೆ ಪುಟ್ಟತ್ತೆ ಮಾತಾಡಲಿಲ್ಲ. ಕಣ್ಣು ಬಿಟ್ಟು ಸೂರು ನೋಡುತ್ತಿದ್ದರು. ನೀರು ಕುಡಿಸಿದರೆ ಕುಡಿದರು. ಅವ್ವ ಕರೆದಳು, ತಾತ ಕರೆದರು, ಅಜ್ಜಿ ಕರೆದರು. ಅತ್ತ ತಿರುಗಿ ನೋಡುವರು, ತುಟಿ ತೆರೆಯರು. ಅಡುಗೆ ಮನೆಯಲ್ಲಿ ಕೆರೆಗೆ ಹೊರಡುವ ಮುಂಚೆ ರುಬ್ಬಿಟ್ಟ ಹೂರಣ ಹಾಗೇ ಇತ್ತು. ದೇವರ ಗೂಡಿನ ಮುಂದೆ ರಂಗೋಲಿಯ ಮೇಲಿಟ್ಟ ಗೌರಿಯ ಮಣೆ ಖಾಲಿ.

ದೊಡ್ಡಮ್ಮ ಕಂಬಕ್ಕೊರಗಿ ಅಳುತ್ತಿದ್ದರು. ಕೆಟ್ಟವರಲ್ಲ ಅವರು. ಉಗುರು ಕಿತ್ತು ರಕ್ತ ಬರುವವರೆಗೂ ಮಣ್ಣು ಬಗೆದಿದ್ದರು. ಆದರೆ ಹೆದರಿದವರಿಗೆ ಯಾರಾದರೊಬ್ಬರು ಬೇಕು.

"ಎಲೆ ಬಿದ್ದದ್ದಕ್ಕೇ ದಿಬ್ಬ ಬಿತ್ತು ಅತ್ತೆಮ್ಮ. ಈ ಹುಡ್ಗಿ ಬಾಯಿ ಬುಟ್ಲು, ಗೌರಮ್ಮ ಮುನಿದ್ಲು, ಚನ್ನವ್ವನ ಮಾತು ಕಿತ್ಕಂಡ್ಲು. ಬಡ್ಕಂಡೆ ನಾನು, ಇವ್ಳಿಗೆ ತಟ್ಟೆ ಬ್ಯಾಡ ಅಂತ."

"ಮಣ್ಣು ಮೊದ್ಲು ಉದುರ್ತು ದೊಡ್ಡಮ್ಮ. ಆಮ್ಯಾಲೆ..."

"ಮುಚ್ಚೇ ಬಾಯಿ!"

ಮುಚ್ಚಿದೆ. ಹುಟ್ಟಿದ ಮೇಲೆ ಮೊದಲ ಸಲ ನಿಜವಾಗಿ ಮುಚ್ಚಿದೆ. ಅವ್ವ ಊಟಕ್ಕೆ ಕರೆದಾಗ ತಲೆಯಾಡಿಸಿದೆ. ಹೆಂಟೆ, ಬೇರು, ಗೆರೆ, ಕೂಗು. ಕೂಗು, ಗೆರೆ, ಬೇರು, ಹೆಂಟೆ. ಕಣ್ಣಾರೆ ಕಂಡದ್ದನ್ನೇ ಮತ್ತೆ ಮತ್ತೆ ಜೋಡಿಸಿದರೂ ದೊಡ್ಡಮ್ಮನ ದನಿ ಬಂದು ಸಾಲನ್ನು ತಿರುಗಿಸಿಬಿಡುತ್ತಿತ್ತು. ಪುಟ್ಟತ್ತೆ ಮಾತಾಡಿದರೆ ನಾನು ಬದುಕಿಕೊಂಡೆ. ಆಡದಿದ್ದರೆ ಅವರ ಮಾತನ್ನು ಕಿತ್ತುಕೊಂಡವಳು ನಾನೇ. ಒಂದೇ ಮನೆಯಲ್ಲಿ ನಾವಿಬ್ಬರು ಮೂಕರು, ಅವರು ಚಾಪೆಯ ಮೇಲೆ, ನಾನು ಬಾಗಿಲ ಮರೆಯಲ್ಲಿ.

ಮಧ್ಯಾಹ್ನ ಅವ್ವ ಅವರನ್ನು ತೋಳು ಹಿಡಿದು ಬಚ್ಚಲಿಗೆ ಕರೆದೊಯ್ದು ಬಿಸಿನೀರು ಹೊಯ್ಯತೊಡಗಿದಳು. ಜಡೆಯಿಂದ, ಕಿವಿಯ ಸಂದಿನಿಂದ, ಬಳೆಗಳ ನಡುವಿನಿಂದ ಜೇಡಿಮಣ್ಣು ಕರಗಿ ಇಳಿಯಿತು. ಕಲ್ಲುಚಪ್ಪಡಿಯ ಮೇಲೆ ಹೊಳೆಯುವ ಕಪ್ಪು ಮಣ್ಣಿನ ಗುಡ್ಡೆಯಾಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಜ್ಜಿ ಥಟ್ಟನೆ ಅಂದರು:

"ಆ ಮಣ್ಣು ಮೋರಿಗೆ ಬುಡಬ್ಯಾಡ. ಗಿರ್ಜೀ, ನಿನ್ನ ತಟ್ಟೆ ತಗಂಬಾ."

"ಏನು ಮಾಡಾಕೆ ಅತ್ತೆಮ್ಮ?" ದೊಡ್ಡಮ್ಮ ಓಡಿ ಬಂದರು.

"ಗೌರಮ್ಮನ್ನ ಮಾಡಾಕೆ."

"ಶಿವಶಿವಾ! ಬಚ್ಚಲ ಮಣ್ಣಾಗಾ? ಮೈ ತೊಳೆದ ಮಣ್ಣಾಗಾ?"

"ಯಾಕಮ್ಮ? ಗೌರಮ್ಮ ತನ್ನ ಮೈ ಮಣ್ಣು ಉಜ್ಜಿ ಉಜ್ಜಿ ಮಗನ್ನ ಮಾಡ್ಕಂಡ್ಲು. ನಾಳೆ ಆ ಮಗಂಗೆ ಕಡುಬು ಮಾಡಿ ಕೈ ಮುಗೀತೀಯ. ನನ್ನ ಮಗಳ ಮೈ ಮಣ್ಣಾಗೆ ನಾನು ಗೌರಮ್ಮನ್ನ ಮಾಡಿದ್ರೆ ಮೈಲಿಗೆನಾ? ಅದೇ ಗುಂಡಿ ಮಣ್ಣು ತಾನೆ ಇದು? ನಡಕೊಂಡು ಬರ್ನಿಲ್ಲ, ಕಂಬಳ್ಯಾಗೆ ಬಂತು, ಅಷ್ಟೇ."

ನಾನು ಅದೇ ಹಿತ್ತಾಳೆ ತಟ್ಟೆ ತಂದೆ. ಅಜ್ಜಿ ಎರಡು ಕೈಯಲ್ಲಿ ಬಳಿದು ತುಂಬಿದರು.

ನಡುಮನೆಯಲ್ಲಿ ಒಣ ಸೀರೆ ಉಡಿಸಿದ ಪುಟ್ಟತ್ತೆಯನ್ನು ಗೋಡೆಗೆ ಒರಗಿಸಿ ಕೂರಿಸಿದರು. ಅವರೆದುರೇ ಕೂತು ಅಜ್ಜಿ ಗೌರಿಯನ್ನು ಮಾಡತೊಡಗಿದರು. ಮೊದಲು ಮಡಿಲು, ಆಮೇಲೆ ಎದೆ, ಕೊರಳು, ದುಂಡು ಮುಖ. ಕಣ್ಣಿಗೆ ಎರಡು ಮೆಣಸಿನ ಕಾಳು. ಮೂಗು ಕೂರಲೇ ಇಲ್ಲ. ಸಣ್ಣದು ಹಚ್ಚಿದರೆ ಬಿದ್ದುಹೋಯಿತು, ದೊಡ್ಡದು ಹಚ್ಚಿ ಒತ್ತಿ ಒತ್ತಿ ನಿಲ್ಲಿಸಿದರು. ಆಗ ಗೋಡೆಯ ಕಡೆಯಿಂದ, ಗಂಟಲಲ್ಲಿ ಮಣ್ಣು ಸಿಕ್ಕಿಕೊಂಡಂತಹ ಒಂದು ಒಡಕು ದನಿ ಬಂತು.

"ಅವ್ವಾ. ಅದು ನಮ್ಮತ್ತೆ ಮೂಗು ಕಣವ್ವಾ."

ಪಾವಗಡದ ಆ ಬೀಗಿತ್ತಿಯ ಮೂಗು ಊರಿಗೇ ಗೊತ್ತು. ಮೊದಲು ನಕ್ಕವಳು ನನ್ನ ಅವ್ವ. ಆಮೇಲೆ ಬಾಗಿಲಲ್ಲಿದ್ದ ತಾತ. ಅಜ್ಜಿ ನಗುತ್ತ ನಗುತ್ತಲೇ ಮಣ್ಣಿನ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದರು. ಮೂರು ವರ್ಷದ್ದೆಲ್ಲ ಅತ್ತರು.

"ಗಿರ್ಜಿ ಎಲ್ಲಿ?" ಪುಟ್ಟತ್ತೆ ಕೇಳಿದರು. 

ನಾನು ಬಾಗಿಲ ಮರೆಯಿಂದ ಹೊರಗೆ ಬಂದೆ. ಪುಟ್ಟತ್ತೆ ಕೈಚಾಚಿದರು. ಬಳೆಗಳಲ್ಲಿ ಅರ್ಧ ಒಡೆದಿದ್ದವು.

"ಇವ್ಳು ಕೂಗ್ನಿಲ್ಲ ಅಂದಿದ್ರೆ ನಾನು ತಿರುಗ್ತಿರ್ನಿಲ್ಲ ಅಕ್ಕಯ್ಯ," ಎಂದು ದೊಡ್ಡಮ್ಮನ ಕಡೆ ನೋಡಿ ಹೇಳಿದರು. "ಬೆನ್ನು ಈ ಕಡೆ, ಮುಖ ಮಣ್ಣಿನ ಕಡೆ ಇತ್ತು. ಅಂಗೇ ಓಗ್ತಿದ್ದೆ. ಒಳಗಿದ್ದಾಗ ಅವ್ವ ಕರೆದದ್ದೆಲ್ಲ ಕೇಳಿಸ್ತಿತ್ತು. ಓ ಅನ್ನಾಕೆ ಬಾಯಾಗೆ ಎಲೆ. ಬುಟ್ರೆ ಗೌರಮ್ಮ ಓಗ್ಬುಡ್ತಾಳೆ ಅಂತ ಕಚ್ಕಂಡಿದ್ದೆ. ನೋಡು, ಎಂಥ ಪೆದ್ದಿ ನಾನು!"

ಅಜ್ಜಿ ಅಳು ನಿಲ್ಲಿಸಿದರು. ಮೂಗನ್ನು ಕಿತ್ತು, ಚಿಕ್ಕದು ಮಾಡಿ ಹಚ್ಚಿದರು. ಆಮೇಲೆ, ಗೌರಿಗೋ ನಮಗೋ ತಿಳಿಯದ ಹಾಗೆ, ಮಣೆಯ ಕಡೆ ನೋಡುತ್ತ ಅಂದರು:

"ರಾಗಿ ಹಗೇವಿಗೆ ಇಳಿದ ಆಳ್ನ ಬುಡದಂಗೆ ಕೂಗ್ತೀವಿ. ಮನೆಮಗಳು ಗುಂಡಿಗೆ ಇಳಿದ್ರೆ ಬಾಯಿಗೆ ಎಲೆ ಕಚ್ಕಂಡು ನಿಲ್ತೀವಿ. ನಮಗೆ ರಾಗಿ ದೊಡ್ಡದಾಯ್ತಲ್ಲ! ಇನ್ನು ಮ್ಯಾಲೆ ನಮ್ಮ ಮನೆ ಗೌರಮ್ಮನ್ನ ಕೂಗಿ ಕರೀಬೇಕು. ಒಳಗಿರೋಳು ಓ ಅನ್ನಬೇಕು. ಮುನಿಯೋದಾದ್ರೆ ನನ್ನ ಮ್ಯಾಲೆ ಮುನೀಲಿ."

ದೊಡ್ಡಮ್ಮ ಎದ್ದು ಅಡುಗೆ ಮನೆಗೆ ಹೋದರು. ಕಾವಲಿಯ ಸದ್ದು ಕೇಳಿಸಿತು. ಬಿಸಿ ಒಬ್ಬಟ್ಟಿಗೆ ತುಪ್ಪ ಹಾಕಿ ತಂದು ಮೊದಲು ಗೌರಿಗೆ, ಆಮೇಲೆ ಪುಟ್ಟತ್ತೆಗೆ, ಆಮೇಲೆ ನನ್ನ ಬಾಯಿಗೆ ಇಟ್ಟರು. "ತಿನ್ನು, ಬೆಳಗ್ಗಿಂದ ಬಾಯಿ ಸುಮ್ಕೆ ಐತೆ" ಎಂದರು. ಅವರು ಕ್ಷಮೆ ಕೇಳಿದ್ದು ಅಷ್ಟೇ, ನನಗೆ ಅದು ಸಾಕಾಗಿತ್ತು.

ಬೀಗರ ಮನೆಗೆ ಸುದ್ದಿ ಮುಟ್ಟಿದ ಮೇಲೆ ಇನ್ನು ಕಳಿಸುತ್ತಾರೋ ಇಲ್ಲವೋ ಎಂದು ಹೆದರಿದ್ದೆವು. ಆದರೆ ಮರುವರ್ಷ ಇದ್ದಲಿನ ಬಸ್ಸಿನಿಂದ ಪುಟ್ಟತ್ತೆಯ ಹಿಂದೆಯೇ ಅವರ ಅತ್ತೆಯೂ ಇಳಿದರು, ಆ ಮೂಗಿನ ಸಮೇತ. ಅಷ್ಟರಲ್ಲಿ ಅಜ್ಜಿ ತಿಮ್ಮಯ್ಯನಿಂದ ಗುದ್ದಲಿ ಹಾಕಿಸಿ ದಿಬ್ಬದ ಮೇಲಿನ ಮಣ್ಣನ್ನು ಇಳಿಜಾರಾಗಿ ಕಡಿಸಿದ್ದರು. ಗವಿ ಹೋಗಿ ಆಕಾಶ ಕಾಣುವ ಒಂದು ಬಟ್ಟಲು ಉಳಿದಿತ್ತು. ಅಪಾಯವೇನೂ ಇರಲಿಲ್ಲ. ಆದರೂ ಪುಟ್ಟತ್ತೆ ಬಟ್ಟಲಿನೊಳಗೆ ಕೂತು ಮೊದಲ ಹಿಡಿ ಮಣ್ಣಿಗೆ ಕೈ ಹಾಕಿದಾಗ ನಾನು ಮೇಲೆ ನೋಡಿದೆ. ಹೊಂಗೆ ಮರ, ಅದರ ಮೇಲೆ ಬೆಟ್ಟದ ತುದಿ.

"ಅವ್ವಾ, ಈ ಎಲೆ ಏನು ಮಾಡ್ಲಿ?" ಪುಟ್ಟತ್ತೆ ಕೈಯೆತ್ತಿ ತೋರಿಸಿದರು.

"ಅಡಿಕೆ ಸುಣ್ಣ ಹಾಕ್ಕಂಡು ಅಗಿ," ಎಂದರು ಅಜ್ಜಿ. "ಗಿರ್ಜೀ, ಏನು ನೋಡ್ತಾ ನಿಂತಿದ್ದೀಯ? ಶುರು ಮಾಡೇ."

"ಪುಟ್ಟತ್ತೇ!"

"ಓ!"

"ಇದ್ದೀರಾ?"

"ಉನ್ನಾನಮ್ಮಾ, ಇಲ್ಲೇ ಉನ್ನಾನು!"

ಹೆಂಗಸರೆಲ್ಲ ನಕ್ಕರು. ನಾನು ಮತ್ತೆ ಕೂಗಿದೆ, ಅವರು ಮತ್ತೆ ಓ ಎಂದರು. ತಟ್ಟೆ ತುಂಬಿತು, ಮಣ್ಣನ್ನು ತಲೆಯ ಮೇಲಿಟ್ಟುಕೊಂಡು ಕೆರೆಯ ಏರಿ ಹತ್ತಿದೆವು, ಪೇಟೆಯ ಬೀದಿ ಬಂತು, ಮನೆಯ ಹೊಸಿಲು ಬಂತು. ಪುಟ್ಟತ್ತೆ ನನ್ನ ಪಕ್ಕದಲ್ಲೇ ನಡೆಯುತ್ತಿದ್ದರೂ ನಾನು ಕೂಗುತ್ತಲೇ ಇದ್ದೆ. ಸಾಕು, ಬಾಯಿ ಮುಚ್ಚೇ ಎಂದು ಯಾರೂ ಹೇಳಲಿಲ್ಲ.